ಅರವತ್ತರಲ್ಲೇ ಓಡಲಿ, ಇಂಜಿನ್ ಆರಾಮಾಗಿರಲಿ

ದಾವಣಗೆರೆಯಲ್ಲಿ ಲಾರಿ ಮಾಲೀಕರು, ಡ್ರೈವರ್‌ಗಳು, ಮೆಕ್ಯಾನಿಕ್‌ಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹಳೆ ಗಾಡಿ ಇಟ್ಟುಕೊಂಡವರೇ ಜಾಸ್ತಿ. ಟಾಟಾ 1210, 1613, ಲೇಲ್ಯಾಂಡ್ ಕಾಮೆಟ್, ಆ ಕಾಲದ ಗಾಡಿಗಳು. ನಿಮ್ಮೆಲ್ಲರ ದೂರೂ ಒಂದೇ. ಹೈವೇಗೆ ಬಂದು 60 ದಾಟಿಸಿದರೆ ಇಂಜಿನ್ ಕಿರುಚಲು ಶುರು ಮಾಡುತ್ತದೆ. ಆಕ್ಸಲರೇಟರ್ ಪೂರ್ತಿ ಒತ್ತಿದರೂ 65, 70ಕ್ಕೆ ನಿಂತುಬಿಡುತ್ತದೆ. ಕ್ಯಾಬಿನ್ ಒಳಗೆ ಕ್ಲೀನರ್ ಹೇಳಿದ್ದು ಡ್ರೈವರ್‌ಗೆ ಕೇಳಿಸಲ್ಲ. ಪಕ್ಕದಲ್ಲಿ ಹೊಸ ಗಾಡಿಗಳು ಸದ್ದಿಲ್ಲದೆ ದಾಟಿ ಹೋಗುತ್ತವೆ. ಆಗ ಯಾರೋ ಒಬ್ಬರು "ಕ್ರೌನ್ ಪಿನಿಯನ್ ಬದಲಿಸು" ಅನ್ನುತ್ತಾರೆ. ಅಂದರೆ ಹಿಂದಿನ ಆಕ್ಸಲ್ ಹೌಸಿಂಗ್ ಒಳಗಿನ ಗೇರ್ ಜೋಡಿ, ಚಿಕ್ಕದು ಪಿನಿಯನ್, ದೊಡ್ಡದು ಕ್ರೌನ್. ಇನ್ನೊಬ್ಬರು "ಆರು ಗೇರಿನ ಬಾಕ್ಸ್ ಕೂರಿಸು" ಅನ್ನುತ್ತಾರೆ. ಮೂರನೆಯವರು "ಪಂಪಿನ ಸ್ಕ್ರೂ ಸ್ವಲ್ಪ ತಿರುಗಿಸು, ಸಾಕು" ಅನ್ನುತ್ತಾರೆ.

ಈ ಮೂರನೆಯದನ್ನು ಈಗಲೇ ಪಕ್ಕಕ್ಕೆ ಇಟ್ಟುಬಿಡೋಣ. ಡೀಸೆಲ್ ಪಂಪಿನ ಗವರ್ನರ್‌ಗೆ, ಅಂದರೆ ಇಂಜಿನ್ ಸುತ್ತು ಮಿತಿ ಮೀರದಂತೆ ತಡೆಯುವ ಭಾಗಕ್ಕೆ, ಸೀಲ್ ಹಾಕಿರುವುದು ಸುಮ್ನೆ ಅಲ್ಲ. ಆ ಇಂಜಿನ್ನಿನ ಪಿಸ್ಟನ್, ಕನೆಕ್ಟಿಂಗ್ ರಾಡ್, ವಾಲ್ವ್ ಸ್ಪ್ರಿಂಗ್ ಎಷ್ಟು ಸುತ್ತು ತಡೆಯುತ್ತವೋ ಅಷ್ಟಕ್ಕೆ ಕಟ್ಟಿ ಕಳಿಸಿರುತ್ತಾರೆ. ಅದಕ್ಕಿಂತ ಮೇಲೆ ಹೋದರೆ ವಾಲ್ವ್ ಸರಿಯಾದ ಹೊತ್ತಿಗೆ ಮುಚ್ಚಿಕೊಳ್ಳಲ್ಲ, ಪಿಸ್ಟನ್ ಬಂದು ಅದಕ್ಕೆ ಹೊಡೆಯುತ್ತದೆ. ರಾಡ್ ಬೋಲ್ಟ್ ತುಂಡಾಗಿ ಬ್ಲಾಕ್ ಒಡೆದುಕೊಂಡು ಹೊರಗೆ ಬಂದ ಇಂಜಿನ್ನುಗಳನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಸೀಲ್ ಮುಟ್ಟಬೇಡಿ.

ಉಳಿದ ಎರಡೂ ಸರಿಯಾದ ಕೆಲಸಗಳೇ. ಆದರೆ ಯಾಕೆ ಮಾಡಿಸುತ್ತೀರಿ ಅನ್ನುವುದು ಮೊದಲು ತೀರ್ಮಾನ ಆಗಬೇಕು. ಗೇರ್ ಅನುಪಾತ ಅಂದರೆ ಚಕ್ರ ಒಂದು ಸುತ್ತು ಬರಲು ಇಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು. ನಾನು ಹೇಳೋದು ಇಷ್ಟು. ಹಳೆ ಗಾಡಿಯ ಗೇರ್ ಅನುಪಾತ ಬದಲಿಸುವುದಾದರೆ, ಈಗ ಓಡುವ ಅದೇ 60ರಲ್ಲಿ ಇಂಜಿನ್ ಕಡಿಮೆ ಸುತ್ತು ತಿರುಗಲಿ ಅಂತ ಬದಲಿಸಿ. 80, 90 ಹೊಡೆಯಬೇಕು ಅಂತ ಬದಲಿಸಬೇಡಿ. ಗೇರ್ ಬದಲಿಸಿದ ಮಾತ್ರಕ್ಕೆ ಇಂಜಿನ್ನಿನ ಶಕ್ತಿ ಒಂದು ಎಚ್‌ಪಿ ಕೂಡ ಏರಲ್ಲ. ಬ್ರೇಕು ಒಂದು ಅಡಿ ಮೊದಲು ನಿಲ್ಲಿಸಲ್ಲ. ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಅದಕ್ಕೆ ಮೊದಲು, ಈ ಗಾಡಿಗಳು ಹೀಗೆ ಯಾಕಿವೆ ಅಂತ ಸ್ವಲ್ಪ ನೋಡೋಣ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಇಲ್ಲಿ ಲಾರಿ ಮಾಡಲು ಶುರು ಮಾಡಿದರು. 1969ರಲ್ಲಿ ಆ ಒಪ್ಪಂದ ಮುಗಿಯಿತು. ಗಾಡಿಯ ಸ್ವಭಾವ ಮಾತ್ರ ಬಹಳ ವರ್ಷ ಹಾಗೇ ಉಳಿಯಿತು. ಆಗಿನ ನಮ್ಮ ರಸ್ತೆ ನೆನಪಿಸಿಕೊಳ್ಳಿ. ಎದುರು ಬಸ್ಸು ಬಂದರೆ ಒಂದು ಕಡೆಯ ಚಕ್ರ ಮಣ್ಣಿಗಿಳಿಸಬೇಕು. ಊರೂರಿಗೆ ಎತ್ತಿನ ಗಾಡಿ, ರೈಲ್ವೆ ಗೇಟು. 40ರಲ್ಲಿ ಹೋದರೆ ಅದೇ ದೊಡ್ಡದು. ಲೋಡು ಮಾತ್ರ ಪಾಸಿಂಗಿಗಿಂತ, ಅಂದರೆ ಕಾನೂನು ಒಪ್ಪಿದ ತೂಕಕ್ಕಿಂತ, ಜಾಸ್ತಿ. ಅಂಥ ಕಡೆ ಬೇಕಿದ್ದದ್ದು ಎಳೆಯುವ ಗಾಡಿ. ಹಾಗಾಗಿ ಹಿಂದಿನ ಹೌಸಿಂಗಿನಲ್ಲಿ ದೊಡ್ಡ ಅನುಪಾತ ಇಟ್ಟರು, ಟಾಪ್ ಗೇರನ್ನು ನೇರ ಬಿಟ್ಟರು. ಅಂದರೆ ಟಾಪಿನಲ್ಲಿ ಇಂಜಿನ್ ಒಂದು ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಷಾಫ್ಟ್ ಕೂಡ ಒಂದೇ ಸುತ್ತು.

1999ರಲ್ಲಿ ಸುವರ್ಣ ಚತುಷ್ಕೋನ ಯೋಜನೆ ಶುರುವಾಯಿತು. ಮುಂಬೈ-ಚೆನ್ನೈ ರಸ್ತೆ ನಮ್ಮ ಹಿರಿಯೂರು, ದುರ್ಗ, ದಾವಣಗೆರೆ, ಹಾವೇರಿ ಮೇಲೇ ಹಾದುಹೋಗುತ್ತದೆ. ಹಳೆ ಎನ್‌ಎಚ್ 4, ಈಗಿನ 48. ರಸ್ತೆ ಬದಲಾಯಿತು, ಗಾಡಿ ಬದಲಾಗಲಿಲ್ಲ. ನಮ್ಮ ತೊಂದರೆ ಇರುವುದು ಇಲ್ಲೇ.

ಅಮೆರಿಕದಲ್ಲೂ ಇದೇ ಕಥೆ ನಡೆದಿದೆ. ಅಲ್ಲಿ 1950ರ ದಶಕದ ಟ್ರಕ್‌ಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಹಳೆ ಐದು ಗೇರಿನ ಬಾಕ್ಸ್ ಇಳಿಸಿ, ಓವರ್‌ಡ್ರೈವ್ (ಇಂಜಿನ್ನಿಗಿಂತ ಷಾಫ್ಟ್ ಜಾಸ್ತಿ ಸುತ್ತು ತಿರುಗುವ ಮೇಲಿನ ಗೇರ್) ಇರುವ ಫುಲ್ಲರ್ ಕಂಪನಿಯ ರೋಡ್‌ರೇಂಜರ್ ಬಾಕ್ಸ್ ಕೂರಿಸಿಕೊಳ್ಳುತ್ತಾರೆ. ಹಿಂದೆಯೇ ಎರಡು ಅನುಪಾತ ಇರುವ ಆಕ್ಸಲ್‌ಗಳೂ ಅಲ್ಲಿ ಬಹಳ ಓಡಾಡಿವೆ. ಗಾಡಿ ಬೇರೆ, ಲೆಕ್ಕ ಒಂದೇ. ಬನ್ನಿ, ಆ ಲೆಕ್ಕಕ್ಕೆ ಹೋಗೋಣ.

ನಿಮ್ಮ ಗಾಡಿಯ ಹಿಂದಿನ ಆಕ್ಸಲ್ ಅನುಪಾತ ಎಷ್ಟು ಅಂತ ನಿಮಗೆ ಗೊತ್ತಾ? ಕೇಳಿದರೆ ಹೆಚ್ಚಿನವರು ಮೆಕ್ಯಾನಿಕ್ ಮುಖ ನೋಡುತ್ತಾರೆ. ಗಾಡಿ ಎರಡು ಮೂರು ಕೈ ಬದಲಾಗಿದ್ದರೆ ಪುಸ್ತಕದಲ್ಲಿರುವುದನ್ನು ನಂಬಬೇಡಿ, ಒಳಗೆ ಬೇರೆಯೇ ಇರಬಹುದು. ಹೌಸಿಂಗ್ ಬಿಚ್ಚದೆ ನೋಡುವ ದಾರಿ ಇದೆ. ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ. ಉಳಿದ ಎಲ್ಲ ಚಕ್ರಕ್ಕೂ ಎರಡೂ ಕಡೆ ಕಲ್ಲು ಕೊಡಿ. ಹಿಂದಿನ ಒಂದು ಪಕ್ಕದ ಚಕ್ರ ಮಾತ್ರ ಜಾಕಿ ಹಾಕಿ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಯಾರೂ ಗಾಡಿ ಕೆಳಗೆ ಹೋಗಬೇಡಿ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಪ್ರೊಪೆಲ್ಲರ್ ಷಾಫ್ಟ್ ಮೇಲೆ ಒಂದು ಗೆರೆ. ಈಗ ಎತ್ತಿದ ಚಕ್ರವನ್ನು ನಿಧಾನಕ್ಕೆ ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಬ್ಬ ಹುಡುಗ ಷಾಫ್ಟ್ ಎಷ್ಟು ಸುತ್ತಿತು ಅಂತ ಎಣಿಸಲಿ. ಆ ಎಣಿಕೆಯೇ ನಿಮ್ಮ ಅನುಪಾತ.

ಎರಡು ಸುತ್ತು ಯಾಕೆ? ಒಂದು ಪಕ್ಕದ ಚಕ್ರ ನೆಲದ ಮೇಲೆ ನಿಂತಿರುವಾಗ, ಡಿಫರೆನ್ಷಿಯಲ್ (ಎರಡೂ ಪಕ್ಕದ ಚಕ್ರಕ್ಕೆ ಸುತ್ತು ಹಂಚುವ ಭಾಗ) ಒಳಗಿನ ಚಿಕ್ಕ ಗೇರುಗಳು ಇನ್ನೊಂದು ಪಕ್ಕದ ಚಕ್ರವನ್ನು ಕ್ರೌನಿಗಿಂತ ಎರಡರಷ್ಟು ತಿರುಗಿಸುತ್ತವೆ. ಹಾಗಾಗಿ ಚಕ್ರ ಎರಡು ಸುತ್ತಿದರೆ ಕ್ರೌನ್ ಒಂದು ಸುತ್ತಿದಂತೆ. ಷಾಫ್ಟ್ ಏಳು ಸುತ್ತಿಗೆ ಸ್ವಲ್ಪ ಕಮ್ಮಿ ತಿರುಗಿದರೆ ಒಳಗಿರುವುದು ಬಹುಶಃ 6/41. ಆರಕ್ಕೆ ಸ್ವಲ್ಪ ಕಮ್ಮಿ ಆದರೆ 7/41. ಪಿನಿಯನ್ ಹಲ್ಲು ಮೊದಲು, ಕ್ರೌನ್ ಹಲ್ಲು ಆಮೇಲೆ. ಅಂಗಡಿಯಲ್ಲೂ ಹೀಗೇ ಕೇಳುತ್ತೇವೆ ಅಲ್ವಾ? 41ನ್ನು 6ರಿಂದ ಭಾಗಿಸಿದರೆ 6.83. 7ರಿಂದ ಭಾಗಿಸಿದರೆ 5.86.

ಇನ್ನು ಟೈರು. ಲೋಡ್ ಇರುವ ಗಾಡಿಯನ್ನು ಟೈರು ಸರಿಯಾಗಿ ಒಂದು ಸುತ್ತು ಬರುವಷ್ಟು ಮುಂದಕ್ಕೆ ಉರುಳಿಸಿ ನೆಲದ ಮೇಲೆ ಟೇಪ್ ಹಿಡಿಯಿರಿ. 10.00-20 ಟೈರಾದರೆ ಸುಮಾರು 3.2 ಮೀಟರ್ ಬರುತ್ತದೆ.

ಈಗ 60ರ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ಅಂದರೆ ನಿಮಿಷಕ್ಕೆ 1000 ಮೀಟರ್. 3.2 ಮೀಟರಿನ ಟೈರು ನಿಮಿಷಕ್ಕೆ ಸುಮಾರು 312 ಸುತ್ತು ತಿರುಗಬೇಕು. ಹಿಂದೆ 6/41 ಇದ್ದರೆ ಷಾಫ್ಟ್ 312 ಗುಣಿಸು 6.83, ಅಂದರೆ 2130 ಆಸುಪಾಸು. ಟಾಪ್ ನೇರ ಇರುವುದರಿಂದ ಇಂಜಿನ್ನೂ ಅಷ್ಟೇ. ಇಂಜಿನ್ನಿನ ಮಿತಿ 2400 ಅಂತ ಇಟ್ಟುಕೊಳ್ಳಿ. 60ರಲ್ಲೇ ಅದು ಮಿತಿಯ ಹತ್ತಿರ ಬಂದಿದೆ. ಪೂರ್ತಿ ಒತ್ತಿದರೂ 67ಕ್ಕೆ ಗವರ್ನರ್ ಹಿಡಿದುಕೊಳ್ಳುತ್ತದೆ. ನಿಮ್ಮ ಗಾಡಿ 65, 70ಕ್ಕೆ ನಿಲ್ಲುವ ಗುಟ್ಟು ಇದೇ. ಗಾಡಿಯಲ್ಲಿ ಏನೂ ಕೆಟ್ಟಿಲ್ಲ.

ಮೊದಲ ದಾರಿ ಕ್ರೌನ್ ಪಿನಿಯನ್. 6/41 ತೆಗೆದು 7/41 ಹಾಕಿದಿರಿ ಅನ್ನಿ. 60ರಲ್ಲಿ ಇಂಜಿನ್ 1830ಕ್ಕೆ ಇಳಿಯಿತು. ಮುನ್ನೂರು ಸುತ್ತು ಉಳಿತಾಯ. ಕಿವಿಗೇ ಗೊತ್ತಾಗುತ್ತದೆ. ಎರಡನೆಯ ದಾರಿ ಗೇರ್‌ಬಾಕ್ಸ್. ಹಿಂದೆ 6/41 ಹಾಗೇ ಬಿಟ್ಟು, 0.78 ಓವರ್‌ಡ್ರೈವ್ (ಷಾಫ್ಟಿನ ಒಂದು ಸುತ್ತಿಗೆ ಇಂಜಿನ್ 0.78 ಸುತ್ತು) ಇರುವ ಆರು ಗೇರಿನ ಬಾಕ್ಸ್ ಹಾಕಿದರೆ 60ರಲ್ಲಿ ಇಂಜಿನ್ 1660 ಆಸುಪಾಸು. ಇನ್ನೂ ಆರಾಮ. ಓವರ್‌ಡ್ರೈವ್ 0.85 ಆಗಿದ್ದರೆ 1810. ಅಂದರೆ 7/41 ಹಾಕಿದ ಹತ್ತಿರ ಹತ್ತಿರಕ್ಕೇ ಬಂತು.

ಹಾಗಾದರೆ ಎರಡೂ ಒಂದೇ ಅಲ್ವಾ, ಕ್ರೌನ್ ಪಿನಿಯನ್ ಅಗ್ಗ, ಅದನ್ನೇ ಹಾಕಿಸೋಣ ಅಂತ ನಿಮಗೆ ಅನ್ನಿಸಬಹುದು. ಒಂದೇ ಅಲ್ಲ. ಟಾಪ್ ಗೇರಿನಲ್ಲಿ ಮಾತ್ರ ಒಂದೇ. ಫಸ್ಟ್ ಗೇರಿಗೆ ಬಂದಾಗ ನಿಜ ಗೊತ್ತಾಗುತ್ತದೆ.

ಕ್ರೌನ್ ಪಿನಿಯನ್ ಬದಲಿಸಿದರೆ ಟಾಪ್ ಒಂದೇ ಅಲ್ಲ, ಫಸ್ಟ್, ಸೆಕೆಂಡ್, ರಿವರ್ಸ್ ಎಲ್ಲವೂ ಬದಲಾಗುತ್ತವೆ. 6 ಹಲ್ಲಿನ ಪಿನಿಯನ್ ಜಾಗಕ್ಕೆ 7 ಹಲ್ಲಿನದು ಬಂತು. ಚಕ್ರದ ಎಳೆತ ಏಳು ಪಾಲು ಇದ್ದದ್ದು ಆರು ಪಾಲಾಯಿತು. ಏಳರಲ್ಲಿ ಒಂದು ಪಾಲು ಎಳೆತ ಪ್ರತಿ ಗೇರಿನಲ್ಲೂ ಹೋಯಿತು. ಹೈವೇ ಮೇಲೆ ಇದು ಗೊತ್ತಾಗಲ್ಲ. ಲೋಡ್ ತುಂಬಿಕೊಂಡು ಎಪಿಎಂಸಿ ಯಾರ್ಡಿನಿಂದ ಮಳೆಗಾಲದಲ್ಲಿ ಹೊರಗೆ ಬರುವಾಗ ಗೊತ್ತಾಗುತ್ತದೆ. ಹೊಲದ ದಾರಿಯಿಂದ ಮೆಕ್ಕೆಜೋಳ ಎತ್ತಿಕೊಂಡು ಬರುವಾಗ ಗೊತ್ತಾಗುತ್ತದೆ. ಮೊದಲು ಕ್ಲಚ್ ಬಿಟ್ಟ ತಕ್ಷಣ ಹೊರಡುತ್ತಿದ್ದ ಗಾಡಿಗೆ ಈಗ ಅರ್ಧ ಕ್ಲಚ್‌ನಲ್ಲಿ ಹಿಡಿದು ಹಿಡಿದು ಹೊರಡಿಸಬೇಕು. ಕ್ಲಚ್ ಪ್ಲೇಟ್ ಸುಡುವ ವಾಸನೆ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಕಾರವಾರ ಕಡೆ ಹೋಗುವ ಒಂದು ಗಾಡಿಗೆ ಹೀಗೆ ಮಾಡಿಸಿದ್ದನ್ನು ನೋಡಿದ್ದೇನೆ. ಹುಬ್ಬಳ್ಳಿಯವರೆಗೆ ಡ್ರೈವರ್ ಖುಷಿಯಾಗಿದ್ದ. ವಾಪಸ್ ಬರುವಾಗ ಲೋಡ್ ಸಮೇತ ಅರಬೈಲು ಘಾಟಿ ಹತ್ತಬೇಕು. ತಿರುವಿನಲ್ಲಿ ಎದುರು ಗಾಡಿಗೆ ನಿಲ್ಲಿಸಿದ್ದು, ಮತ್ತೆ ಹೊರಡಿಸಲು ಆಗಲಿಲ್ಲ. ಮುಂದೆ ಇನ್ನೊಂದು ಗಾಡಿ ಕಟ್ಟಿ ಎಳೆಸಿದರು. ಮನೆಗೆ ಬಂದ ಮೇಲೆ ಹಳೆ ಕ್ರೌನ್ ಪಿನಿಯನ್ ಹುಡುಕಿ ಮತ್ತೆ ಹಾಕಿಸಿದರು. ಎರಡು ಸಲ ಹೌಸಿಂಗ್ ಬಿಚ್ಚಿದ ಖರ್ಚಿಗೆ ಇನ್ನಷ್ಟು ಸೇರಿಸಿದ್ದರೆ ಒಂದು ಒಳ್ಳೆ ಗೇರ್‌ಬಾಕ್ಸೇ ಬರುತ್ತಿತ್ತು.

ಗೇರ್‌ಬಾಕ್ಸ್ ದಾರಿಯಲ್ಲಿ ಈ ಕಷ್ಟ ಇಲ್ಲ. ಫಸ್ಟ್ ಮೊದಲಿನ ಹಾಗೇ ಎಳೆಯುತ್ತದೆ, ಮೇಲೆ ಒಂದು ಗೇರ್ ಹೊಸದಾಗಿ ಸಿಗುತ್ತದೆ. ಆದರೆ ಬಾಕ್ಸ್ ಕೊಳ್ಳುವ ಮೊದಲು ಅದರ ಫಸ್ಟ್ ಅನುಪಾತವನ್ನೂ ಕೇಳಿ. ಎಲ್ಲರೂ ಓವರ್‌ಡ್ರೈವ್ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಕೆಳಗಿನ ಗೇರ್ ನಿಮ್ಮ ಹಳೆಯದಕ್ಕಿಂತ ಸಣ್ಣ ಅನುಪಾತದ್ದಾಗಿದ್ದರೆ ಕ್ರೌನ್ ಬದಲಿಸಿದ ಕಷ್ಟವೇ ಇಲ್ಲೂ ಬರುತ್ತದೆ.

ಹಾಗಂತ ಕ್ರೌನ್ ಬದಲಿಸುವುದೇ ತಪ್ಪು ಅಂತ ನಾನು ಹೇಳಲ್ಲ. ದಾವಣಗೆರೆಯಿಂದ ಮಂಡಕ್ಕಿ ಮೂಟೆ ತುಂಬಿಕೊಂಡು ಹೋಗುವವರಿಗೆ ಅದೇ ಸರಿ. ಗಾಡಿ ತುಂಬಿ ತುಳುಕುತ್ತದೆ, ತೂಕ ಮಾತ್ರ ಇರಲ್ಲ. ಘಾಟಿ ಹತ್ತುವ ಕೆಲಸವೂ ಇಲ್ಲ. ಅವರಿಗೆ ಟಾಪ್ ನೇರ ಇರುವುದರಲ್ಲಿ ಇನ್ನೊಂದು ಲಾಭ ಇದೆ. ನೇರ ಗೇರಿನಲ್ಲಿ ಶಕ್ತಿ ಬಾಕ್ಸ್ ಒಳಗೆ ಹಲ್ಲಿನಿಂದ ಹಲ್ಲಿಗೆ ದಾಟುವುದಿಲ್ಲ, ಸೀದಾ ಹೊರಗೆ ಹೋಗುತ್ತದೆ. ಓವರ್‌ಡ್ರೈವ್‌ನಲ್ಲಿ ಕೆಳಗಿನ ಷಾಫ್ಟಿಗೆ ಇಳಿದು ಮತ್ತೆ ಮೇಲೆ ಬರಬೇಕು. ಅಲ್ಲಿ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ದಿನವಿಡೀ ಬಯಲಿನಲ್ಲಿ, ಹಗುರ ಲೋಡಿನಲ್ಲಿ ಟಾಪ್ ಗೇರಲ್ಲೇ ಓಡುವ ಗಾಡಿಗೆ ಇದು ಲೆಕ್ಕಕ್ಕೆ ಬರುತ್ತದೆ. ಈರುಳ್ಳಿ, ಅಕ್ಕಿ, ಸಿಮೆಂಟ್, ಅದಿರು ಹೊರುವವರು ಬಾಕ್ಸ್ ದಾರಿ ಹಿಡಿಯಿರಿ.

ಎರಡನ್ನೂ ಒಟ್ಟಿಗೆ ಮಾಡಿಸುವವರೂ ಇದ್ದಾರೆ. ದಯವಿಟ್ಟು ಬೇಡ. 7/41 ಮತ್ತು 0.78 ಎರಡೂ ಸೇರಿದರೆ 60ರಲ್ಲಿ ಇಂಜಿನ್ 1430ಕ್ಕೆ ಬೀಳುತ್ತದೆ. ಹಳೆ ಡೀಸೆಲ್ ಇಂಜಿನ್ನುಗಳು ಗಟ್ಟಿಯಾಗಿ ಎಳೆಯುವುದು ಸಾಮಾನ್ಯವಾಗಿ 1400ರಿಂದ 1600ರ ನಡುವೆ. ನೀವು ಆ ಜಾಗದ ಕೆಳ ಅಂಚಿನಲ್ಲಿ ನಿಂತಿದ್ದೀರಿ. ಸಣ್ಣ ಏರು ಬಂದರೂ ಇಂಜಿನ್ ಅದರ ಕೆಳಗೆ ಜಾರುತ್ತದೆ, ಒತ್ತಿದಷ್ಟೂ ಕಪ್ಪು ಹೊಗೆ ಬರುತ್ತದೆ, ಗಾಡಿ ಏಳಲ್ಲ. ಸುತ್ತು ಕಡಿಮೆ, ಒತ್ತಡ ಜಾಸ್ತಿ ಆದಾಗ ಪಿಸ್ಟನ್ ತಲೆ ಕಾಯುತ್ತದೆ, ಕ್ರ್ಯಾಂಕ್ ಬೇರಿಂಗ್ ಏಟು ತಿನ್ನುತ್ತದೆ. ಜಾಸ್ತಿ ಸುತ್ತಿಗಿಂತ ಇದು ಕೆಟ್ಟದ್ದು. ಕಿರುಚುವ ಇಂಜಿನ್ ಕಿವಿಗೆ ಕೇಳುತ್ತದೆ, ಉಸಿರು ಕಟ್ಟಿದ ಇಂಜಿನ್ ಕೇಳಿಸದೆ ಸಾಯುತ್ತದೆ. 60ರಲ್ಲಿ 1600ರಿಂದ 1850ರ ಒಳಗೆ ಇದ್ದರೆ ಹಳೆ ಗಾಡಿಗೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು 80ರ ಆಸೆ. ಗಾಳಿ ಮುಂದಿನಿಂದ ಒತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 80ಕ್ಕೆ ಹೋದರೆ ಗಾಳಿಯ ಬಲ ಒಂದೂಮುಕ್ಕಾಲು ಪಟ್ಟು. ಅದನ್ನು ತಳ್ಳಲು ಬೇಕಾದ ಶಕ್ತಿ ಸುಮಾರು 2.4 ಪಟ್ಟು. ಲಾರಿ ಮುಂಭಾಗ ಗೋಡೆಯ ಹಾಗಿದೆ, ಮೇಲೆ ಟಾರ್ಪಾಲು ಪಟಪಟ ಹೊಡೆಯುತ್ತದೆ. 16 ಟನ್ನಿನ ಗಾಡಿಗೆ ಸಮತಟ್ಟಾದ ರಸ್ತೆಯಲ್ಲಿ 60ರಲ್ಲಿ ಓಡಲು ಸುಮಾರು 60 ಎಚ್‌ಪಿ ಸಾಕು. 80ರಲ್ಲಿ ಅದೇ ಗಾಡಿ 100 ಎಚ್‌ಪಿ ಕೇಳುತ್ತದೆ. ನಿಮ್ಮ ಇಂಜಿನ್ ಹೊಸದಿದ್ದಾಗಲೇ 130ರ ಆಸುಪಾಸು. ಈಗ ಎಷ್ಟು ಉಳಿದಿದೆ ಅಂತ ನೀವೇ ಹೇಳಬೇಕು.

ಏರು ಬಂದರೆ ಏನಾಗುತ್ತದೆ ನೋಡಿ. ನೂರು ಅಡಿಗೆ ಎರಡು ಅಡಿ ಏರುವ ರಸ್ತೆ ಕಣ್ಣಿಗೆ ಏರು ಅಂತ ಕಾಣಿಸುವುದೇ ಇಲ್ಲ. ಅದೇ 16 ಟನ್ 60ರಲ್ಲಿ ಅದನ್ನು ಹತ್ತಬೇಕಾದರೆ ಏರಿಗೇ ಇನ್ನೂ 70 ಎಚ್‌ಪಿ ಬೇಕು. ಮೊದಲಿನ 60 ಸೇರಿಸಿದರೆ ಇಂಜಿನ್ ಖಾಲಿ. ದುರ್ಗ ಸಮುದ್ರ ಮಟ್ಟದಿಂದ 730 ಮೀಟರ್ ಎತ್ತರದಲ್ಲಿದೆ. ದಾವಣಗೆರೆ 600 ಚಿಲ್ಲರೆ. ಇಲ್ಲಿಂದ ಆನಗೋಡು, ಭರಮಸಾಗರ ದಾಟಿ ದುರ್ಗಕ್ಕೆ ಹೋಗುವವರು 60 ಕಿಲೋಮೀಟರಿನಲ್ಲಿ 130 ಮೀಟರ್ ಏರುತ್ತಾರೆ. ಸರಾಸರಿ ಬಹಳ ಕಮ್ಮಿ, ಆದರೆ ರಸ್ತೆ ಸರಾಸರಿಯಲ್ಲಿ ಏರಲ್ಲ. ಒಂದು ಕಡೆ ಇಳಿದು ಇನ್ನೊಂದು ಕಡೆ ಏರುತ್ತದೆ. ಅಲ್ಲಲ್ಲಿ ಓವರ್‌ಡ್ರೈವ್ ಬಿಟ್ಟು ನೇರ ಟಾಪಿಗೆ ಬರಲೇಬೇಕು. ಆರನೆಯ ಗೇರ್ ಹಾಕಿದ ಮೇಲೆ ಇಳಿಸಲು ಬೇಜಾರು ಮಾಡಿಕೊಳ್ಳುವ ಡ್ರೈವರ್‌ಗೆ ಈ ಬಾಕ್ಸ್ ಕೊಡಬೇಡಿ. ಇಂಜಿನ್ 1400ಕ್ಕೆ ಬಂದ ಕೂಡಲೇ ಇಳಿಸಬೇಕು, ಹೊಗೆ ಕಾಣುವ ತನಕ ಕಾಯಬಾರದು.

ಬ್ರೇಕಿನ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಗಾಡಿಯನ್ನು ನಿಲ್ಲಿಸಲು ಡ್ರಮ್ ನುಂಗಬೇಕಾದ ಶಕ್ತಿಯೂ ವೇಗದ ವರ್ಗಕ್ಕೆ ತಕ್ಕಂತೆಯೇ. 60ರಲ್ಲಿ 40 ಮೀಟರಿಗೆ ನಿಲ್ಲುವ ಗಾಡಿ 80ರಲ್ಲಿ 70 ಮೀಟರ್ ದಾಟಿ ನಿಲ್ಲುತ್ತದೆ. ಅದೂ ಡ್ರಮ್ ತಣ್ಣಗಿದ್ದರೆ. ನಮ್ಮ ಹೈವೇಯಲ್ಲಿ ಊರಿನ ಹತ್ತಿರ ಟ್ರ್ಯಾಕ್ಟರ್ ಎದುರಿನಿಂದಲೇ ಬರುತ್ತದೆ, ಕುರಿ ಮಂದೆ ದಾಟುತ್ತದೆ, ಶಾಲೆ ಮಕ್ಕಳು ಡಿವೈಡರ್ ಹಾರುತ್ತಾರೆ. ಆ 30 ಮೀಟರಿನಲ್ಲಿ ಯಾರಾದರೂ ಇರುತ್ತಾರೆ.

ಇಳಿಜಾರಿನಲ್ಲಿ ಇನ್ನೊಂದು ಅಪಾಯ ಇದೆ, ಇದನ್ನು ಯಾರೂ ಹೇಳಲ್ಲ. "ಹತ್ತಿದ ಗೇರಲ್ಲೇ ಇಳಿ" ಅಂತ ಹಳೆ ಡ್ರೈವರ್‌ಗಳು ಹೇಳಿಕೊಟ್ಟಿದ್ದಾರೆ. ಇಳಿಯುವಾಗ ಗಾಡಿಯನ್ನು ಇಂಜಿನ್ ತಡೆದು ಹಿಡಿಯುತ್ತದೆ. ಕ್ರೌನ್ ಬದಲಿಸಿದ ಗಾಡಿಯಲ್ಲಿ ಎಳೆತ ಏಳರಿಂದ ಆರಕ್ಕೆ ಇಳಿದ ಹಾಗೆ, ತಡೆಯುವ ಬಲವೂ ಅಷ್ಟೇ ಇಳಿಯುತ್ತದೆ. ಮೂರನೆಯ ಗೇರಲ್ಲಿ ಇಳಿಸುತ್ತಿದ್ದ ಜಾಗದಲ್ಲಿ ಈಗ ಗಾಡಿ ಓಡಿಕೊಂಡು ಹೋಗುತ್ತದೆ, ಕಾಲು ಬ್ರೇಕಿಗೆ ಹೋಗುತ್ತದೆ, ಡ್ರಮ್ ಕಾಯುತ್ತದೆ, ಲೈನರ್ ಹಿಡಿತ ಬಿಡುತ್ತದೆ. ಅಂಥ ಗಾಡಿ ಘಾಟಿ ಇಳಿಯುವಾಗ ಒಂದು ಗೇರ್ ಕೆಳಗೆ ಹಾಕಿಯೇ ಇಳಿಸಿ. ಬದಲಿ ಡ್ರೈವರ್ ಬಂದರೆ ಕೀಲಿ ಕೊಡುವಾಗಲೇ ಹೇಳಿ, ಇದರಲ್ಲಿ ಹಿಂದಿನ ಕ್ರೌನ್ ಪಿನಿಯನ್ ಬದಲಾಗಿದೆ ಅಂತ.

ಈಗ ಕೂರಿಸುವ ಕೆಲಸ. ಮೆಕ್ಯಾನಿಕ್‌ಗಳಿಗೆ ಗೊತ್ತಿರುವುದೇ. ಮಾಲೀಕರು ಏನು ಕೇಳಬೇಕು ಅಂತ ತಿಳಿಯಲಿ ಅಂತ ಹೇಳುತ್ತೇನೆ.

ಗೇರ್‌ಬಾಕ್ಸ್ ಸೆಕೆಂಡ್‌ಹ್ಯಾಂಡ್ ಆದರೆ ಕೊಳ್ಳುವ ಮೊದಲು ಅದರ ಆಯಿಲ್ ಇಳಿಸಿ ತಟ್ಟೆಗೆ ಹಿಡಿಯಿರಿ, ಅಯಸ್ಕಾಂತ ಆಡಿಸಿ. ನುಣ್ಣಗೆ ಮಸಿಯಂಥ ಪುಡಿ ಬಂದರೆ ಪರವಾಗಿಲ್ಲ. ಬೆರಳಿಗೆ ಚುಚ್ಚುವ ಚೂರು ಬಂದರೆ ಹಲ್ಲೋ ಬೇರಿಂಗೋ ಹೋಗಿದೆ, ವಾಪಸ್ ಬನ್ನಿ. ಇನ್‌ಪುಟ್ ಷಾಫ್ಟಿನ ಸ್ಪ್ಲೈನ್ (ಉದ್ದುದ್ದ ಹಲ್ಲು) ಎಣಿಸಿ, ನಿಮ್ಮ ಕ್ಲಚ್ ಪ್ಲೇಟಿಗೆ ಹೊಂದಬೇಕು. ಷಾಫ್ಟಿನ ಮೂತಿ ಫ್ಲೈವೀಲಿನ ಪೈಲಟ್ ಬೇರಿಂಗಿನಲ್ಲಿ ಸರಿಯಾಗಿ ಕೂರಬೇಕು, ಬೆಲ್ ಹೌಸಿಂಗ್ ತೂತುಗಳು ಕೂಡಬೇಕು. ಒತ್ತಾಯ ಮಾಡಿ ಬೋಲ್ಟ್ ಎಳೆದು ಕೂರಿಸಿದರೆ ಕ್ಲಚ್ ಹಬ್ ಒಡೆಯುತ್ತದೆ. ಹೊಸ ಬಾಕ್ಸ್ ಉದ್ದ ಬೇರೆ ಇದ್ದರೆ ಪ್ರೊಪೆಲ್ಲರ್ ಷಾಫ್ಟ್ ಕತ್ತರಿಸಬೇಕಾಗುತ್ತದೆ. ಅಲ್ಲಿ ಉಳಿಸಲು ಹೋಗಬೇಡಿ. ವೆಲ್ಡ್ ಮಾಡಿದ ಷಾಫ್ಟನ್ನು ಬ್ಯಾಲೆನ್ಸ್ ಮಾಡಿಸದೆ ಹಾಕಬಾರದು. ಓವರ್‌ಡ್ರೈವ್‌ನಲ್ಲಿ ಇಂಜಿನ್ 2400 ತಿರುಗಿದರೆ ಷಾಫ್ಟ್ 3000 ದಾಟುತ್ತದೆ. ಹಳೆ ಬಾಕ್ಸಿನಲ್ಲಿ ಅದು ಯಾವತ್ತೂ 2400 ಮೀರಿರಲಿಲ್ಲ. ಸೆಂಟರ್ ಬೇರಿಂಗ್, ಕ್ರಾಸ್ ಹೊಸದು ಹಾಕಿಸಿ, ಎರಡು ತುದಿಯ ನೊಗಗಳು ಒಂದೇ ಗೆರೆಯಲ್ಲಿವೆಯಾ ನೋಡಿ. ಹತ್ತು ಚಕ್ರದ ಟಿಪ್ಪರಿನಲ್ಲಿ ಎರಡೂ ಹಿಂದಿನ ಆಕ್ಸಲ್‌ಗೆ ಡ್ರೈವ್ ಇದ್ದರೆ ಕ್ರೌನ್ ಬದಲಿಸುವಾಗ ಎರಡಕ್ಕೂ ಒಂದೇ ಅನುಪಾತ ಬರಬೇಕು. ಇಲ್ಲದಿದ್ದರೆ ಒಂದು ಆಕ್ಸಲ್ ಇನ್ನೊಂದರ ಜೊತೆ ಜಗಳ ಆಡಿ ಎರಡನ್ನೂ ಹಾಳು ಮಾಡುತ್ತದೆ.

ಕ್ರೌನ್ ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ಬರಬೇಕು. ಕಾರ್ಖಾನೆಯಲ್ಲಿ ಎರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ನಂಬರ್ ಇರುತ್ತದೆ. ಒಂದು ಅಲ್ಲಿಂದ, ಒಂದು ಇಲ್ಲಿಂದ ತಂದು ಹಾಕಿದರೆ ಮೊದಲ ದಿನದಿಂದಲೇ ಕೂಗುತ್ತದೆ. ಕೂರಿಸಿದ ಮೇಲೆ ನಾಲ್ಕೈದು ಹಲ್ಲಿಗೆ ಕೆಂಪು ಬಣ್ಣ ತೆಳ್ಳಗೆ ಸವರಿ, ಕ್ರೌನಿಗೆ ಮರದ ತುಂಡು ಒತ್ತಿ ಹಿಡಿದು ಪಿನಿಯನ್ ತಿರುಗಿಸಿ ನೋಡಬೇಕು. ಹಲ್ಲಿನ ಮೇಲೆ ಒಂದು ಗುರುತು ಬೀಳುತ್ತದೆ. ಅದು ಹಲ್ಲಿನ ಎತ್ತರದ ನಡುವೆ, ಉದ್ದದಲ್ಲಿ ಒಳತುದಿಯ ಕಡೆಗೆ ಸ್ವಲ್ಪ ವಾಲಿರಬೇಕು. ಲೋಡ್ ಬಿದ್ದಾಗ ಹೊರತುದಿಯ ಕಡೆಗೆ ಸರಿಯುತ್ತದೆ, ಹಾಗಾಗಿ ಆ ಜಾಗ ಬಿಟ್ಟಿರಬೇಕು. ಗುರುತು ಹಲ್ಲಿನ ತಲೆಯ ಮೇಲೆ ಬಿದ್ದರೆ ಪಿನಿಯನ್ ದೂರ ಇದೆ, ಬುಡದಲ್ಲಿ ಬಿದ್ದರೆ ತೀರಾ ಒಳಗೆ ಹೋಗಿದೆ. ಶಿಮ್ (ತೆಳು ತಗಡಿನ ಬಿಲ್ಲೆ) ಬದಲಿಸಿ ಮತ್ತೆ ನೋಡಬೇಕು. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಅರ್ಧ ದಿನ ತೆಗೆದುಕೊಳ್ಳುತ್ತಾನೆ. ಅವನನ್ನು ಅವಸರ ಮಾಡಬೇಡಿ. ಗುರುತನ್ನು ನಿಮಗೆ ತೋರಿಸಿ ಆಮೇಲೆ ಮುಚ್ಚಲಿ.

ಇಲ್ಲಿಗೆ ನನ್ನ ಮಾತು ಮುಗಿಸಿ ಪ್ರಶ್ನೆ ಕೇಳಿ ಅಂದೆ.

ಒಬ್ಬರು ಕೇಳಿದರು: ಬರೀ ದೊಡ್ಡ ಟೈರ್ ಹಾಕಿದರೆ ಆಗಲ್ವಾ? 9.00-20 ಇದ್ದದ್ದಕ್ಕೆ 10.00-20 ಹಾಕಿದರೆ ಸುಮಾರು ನೂರಕ್ಕೆ ಮೂರು ನಾಲ್ಕರಷ್ಟು ವ್ಯತ್ಯಾಸ ಆಗುತ್ತದೆ, ಅಷ್ಟೇ. ಅದಕ್ಕೆ ರಿಮ್ ಅಗಲ, ಜೋಡಿ ಟೈರಿನ ನಡುವಿನ ಸಂದು ಎಲ್ಲ ನೋಡಬೇಕು. ಟೈರ್ ಅಳತೆ ದಾಖಲೆಯಲ್ಲೂ ಇರುತ್ತದೆ. ಗೇರಿನ ಕೆಲಸವನ್ನು ಟೈರಿನ ಕೈಲಿ ಮಾಡಿಸಬೇಡಿ.

ಕಾನೂನು ಏನು ಹೇಳುತ್ತದೆ ಅಂತ ಇನ್ನೊಬ್ಬರು ಕೇಳಿದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಹಾಗಾಗಿ ಅದೇ ಕಂಪನಿಯವರು ಅದೇ ಮಾಡೆಲ್‌ಗೆ ಆಯ್ಕೆಯಾಗಿ ಕೊಡುತ್ತಿದ್ದ ಬಾಕ್ಸ್ ಅಥವಾ ಕ್ರೌನ್ ಸಿಕ್ಕರೆ ಅದನ್ನೇ ಹಾಕಿ. ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದ್ದೇ ಇದೆ, ಆಗ ತಕರಾರು ಬರಬಾರದು. ಇನ್ನು ವೇಗ. 2018ರ ಕೇಂದ್ರದ ಅಧಿಸೂಚನೆ ಪ್ರಕಾರ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಸರಕು ಗಾಡಿಗೆ 80 ಗರಿಷ್ಠ, ಎರಡು ಪಥದ ಮಾಮೂಲಿ ರಸ್ತೆಯಲ್ಲಿ 60 ಅಂತ ಇತ್ತು. ಗರಿಷ್ಠ 80 ಅಂದರೆ ಹಳೆ ಬ್ರೇಕಿನ ಗಾಡಿ 80ರಲ್ಲೇ ಹೋಗಬೇಕು ಅಂತ ಅಲ್ಲ.

ಒಬ್ಬ ಹುಡುಗ ಬಹಳ ಒಳ್ಳೆ ಪ್ರಶ್ನೆ ಕೇಳಿದ: ಸ್ಪೀಡೋಮೀಟರ್ ಸರಿ ತೋರಿಸುತ್ತದಾ? ಸಾಮಾನ್ಯವಾಗಿ ಮೀಟರಿನ ಕೇಬಲ್ ಅಥವಾ ಸೆನ್ಸರ್ ಗೇರ್‌ಬಾಕ್ಸಿನ ಹಿಂಭಾಗದಿಂದ ಬರುತ್ತದೆ. ಅದು ಎಣಿಸುವುದು ಷಾಫ್ಟಿನ ಸುತ್ತು. 6/41 ಇದ್ದದ್ದನ್ನು 7/41 ಮಾಡಿದರೆ ಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 70ರಲ್ಲಿರುತ್ತದೆ. ವೇಗ ನಿಯಂತ್ರಕವೂ ಅದೇ ಸೆನ್ಸರ್ ನಂಬಿದ್ದರೆ ಅದೂ ಮೋಸ ಹೋಗುತ್ತದೆ. ಡ್ರೈವರ್ ತಾನು 60ರಲ್ಲಿದ್ದೇನೆ ಅಂದುಕೊಂಡೇ ಬ್ರೇಕ್ ಒತ್ತುತ್ತಾನೆ. ಹಾಗಾಗಿ ಕ್ರೌನ್ ಬದಲಿಸಿದ ದಿನವೇ ಮೀಟರಿನ ಚಿಕ್ಕ ಗೇರನ್ನೂ ಬದಲಿಸಬೇಕು, ಅಥವಾ ಮೀಟರನ್ನು ಮತ್ತೆ ಹೊಂದಿಸಬೇಕು. ಫೋನಿನ ಜಿಪಿಎಸ್ ಇಟ್ಟು ತಾಳೆ ನೋಡಿ. ಗೇರ್‌ಬಾಕ್ಸ್ ಮಾತ್ರ ಬದಲಿಸಿದವರಿಗೆ ಈ ತೊಂದರೆ ಕಡಿಮೆ. ಷಾಫ್ಟ್ ಮತ್ತು ಚಕ್ರದ ಲೆಕ್ಕ ಹಾಗೇ ಇರುತ್ತದೆ, ಹೊಸ ಬಾಕ್ಸಿನ ಮೀಟರ್ ಗೇರ್ ಹಳೆಯದಕ್ಕೆ ಸಮ ಇದೆಯಾ ಅಂತ ನೋಡಿದರೆ ಸಾಕು.

ಕೊನೆಯ ಪ್ರಶ್ನೆ ಆಯಿಲ್ ಬಗ್ಗೆ. ಹೌಸಿಂಗಿಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್, ಗೇರ್‌ಬಾಕ್ಸಿಗೆ ಕಂಪನಿ ಪುಸ್ತಕದಲ್ಲಿ ಬರೆದದ್ದು, ಹೆಚ್ಚಾಗಿ ಜಿಎಲ್-4. ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯಬೇಡಿ. ಕೆಲವು ಜಿಎಲ್-5 ಆಯಿಲ್‌ಗಳಲ್ಲಿರುವ ರಾಸಾಯನಿಕ ಗೇರನ್ನು ಸದ್ದಿಲ್ಲದೆ ಕೂಡಿಸುವ ಸಿಂಕ್ರೊ ರಿಂಗಿನ ಹಿತ್ತಾಳೆಯನ್ನು ತಿನ್ನುತ್ತದೆ, ಆಮೇಲೆ ಗೇರ್ ಬೀಳುವಾಗ ಕರಕರ ಅನ್ನುತ್ತದೆ. ಹೊಸ ಕ್ರೌನ್ ಪಿನಿಯನ್ ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಅರ್ಧ ಲೋಡಿನಲ್ಲಿ ಓಡಿಸಿ. ನಡುನಡುವೆ ನಿಲ್ಲಿಸಿ ಹೌಸಿಂಗ್ ಮೇಲೆ ಕೈ ಇಟ್ಟು ನೋಡಿ. ಕೈ ಇಡಲು ಆಗದಷ್ಟು ಕಾದಿದ್ದರೆ ತಣ್ಣಗಾಗಲು ಬಿಡಿ, ಮರುದಿನವೂ ಹಾಗೇ ಕಾದರೆ ಬೇರಿಂಗ್ ಬಿಗಿಯಾಗಿದೆ ಅಂತ ಅರ್ಥ, ಬಿಚ್ಚಿಸಿ ನೋಡಿ. ಆಮೇಲೆ ಆ ಆಯಿಲ್ ಪೂರ್ತಿ ಇಳಿಸಿ, ಪ್ಲಗ್ಗಿನ ಅಯಸ್ಕಾಂತ ಒರೆಸಿ, ಹೊಸದು ತುಂಬಿಸಿ ಪೂರ್ತಿ ಲೋಡ್ ಹಾಕಿ.